ಎರಡೂ ಹೆಗಲು ಕಾಣತಕ್ಕದ್ದು

ಲೋಕದ ಸಕಲ ವ್ಯಾಜ್ಯಗಳಿಗೂ ಮಾತೇ ಮೂಲ ಎಂದು ಹಿರಿಯರು ಹೇಳುತ್ತಾರೆ. ಹಿರಿಯರ ಬಳಿ ವಾಟ್ಸಾಪ್ ಇರಲಿಲ್ಲ.

ಕೋವಿಡ್ ಮುಗಿದ ಮರುವರ್ಷದ ಸಂಗತಿ. ಸಿಂದಗಿಯಲ್ಲಿ ವಕೀಲನಾಗಿದ್ದ ನಾನು ಮೀಡಿಯೇಟರನ ಕೆಲಸವನ್ನೂ ಮಾಡುತ್ತಿದ್ದೆ. ಮೀಡಿಯೇಷನ್ ಎಂದರೆ, ವಿಚಾರಣೆಗೆ ಮುನ್ನ ಗಂಡ ಹೆಂಡಿರನ್ನು ಒಂದು ಟೇಬಲ್ಲಿಗೆ ಕೂರಿಸಿ, ಕೂಡಿಸಲಾದೀತೇ ಎಂದು ನೋಡುವ ಏರ್ಪಾಡು. ಗುಟ್ಟು ಕಾಯುವುದು ಅದರ ನಿಯಮ. ಹಾಗಾಗಿ ಹೆಸರು ಬದಲಿಸಿದ್ದೇನೆ.

ಅರ್ಜಿದಾರಳು ಮಹಾದೇವಿ, ಮೋರಟಗಿ ಕಡೆಯ ಅಂಗನವಾಡಿ ಶಿಕ್ಷಕಿ. ಗಂಡ ಶರಣಪ್ಪನಿಗೆ ಆಲಮೇಲದ ಆಚೆ ಸಕ್ಕರೆ ಕಾರ್ಖಾನೆಯಲ್ಲಿ ಹೊಸದಾಗಿ ಕೆಲಸ ಸಿಕ್ಕಿತ್ತು. ಕಬ್ಬು ಅರೆಯುವ ಹಂಗಾಮು ಮುಗಿಯುವವರೆಗೆ ಅಲ್ಲೇ ವಾಸ. ಅವಳು ಕೇಳಿದ್ದು ವಿಚ್ಛೇದನ. ಕಾರಣ, ಹೆಬ್ಬೆಟ್ಟಿನ ಎಮೋಜಿ.

"ಅತ್ತಿಯವರಿಗಿ ಆರಾಮಿಲ್ಲ ಅಂತ ಬರದ್ನಿರಿ, ಹೆಬ್ಬೆಟ್ಟು. ಎಮ್ಮಿ ಈಯ್ತು ಅಂದ್ನಿ, ಹೆಬ್ಬೆಟ್ಟು. ನಾ ತವರಮನಿಗಿ ಹೊಂಟೇನಿ ಅಂದ್ನಿ, ಅದಕ್ಕೂ ಹೆಬ್ಬೆಟ್ಟ್ರಿ ವಕೀಲ್ರ! ಇಂಥಾವ್ರ ಜೋಡಿ ಹ್ಯಾಂಗ ಬಾಳ್ವಿ ಮಾಡೂದು?"

ನಾನು ಶರಣಪ್ಪನ ಕಡೆ ತಿರುಗಿದೆ. "ಯಾಕಪಾ, ಹೋಗು ಅಂದೇನು?"

"ಓದೇನಿ ಅಂತ ಕಳಿಸಿದ್ನಿರಿ ಸಾಹೇಬ್ರ."

"ಹೋಗಬ್ಯಾಡ ಅಂತ ಬರಿಯಾಕ ಏನಾಗಿತ್ತು?"

ಅವನು ಫ್ಯಾನು ನೋಡಿದ. "ಅಕ್ಷರ ಬರ್ತಾವ್ರಿ. ಮಾತ ಬರಂಗಿಲ್ಲ."

ಕಾನೂನಿಗೆ ಸಾಧ್ಯವಿರುವ ಗಾಂಭೀರ್ಯವನ್ನೆಲ್ಲ ಕೂಡಿಸಿ ನಾನು ಒಪ್ಪಂದದ ಮೊದಲ ಷರತ್ತು ಬರೆದು ಓದಿ ಹೇಳಿದೆ: 'ಎದುರುದಾರನು ಇನ್ನು ಮುಂದೆ ಹೆಬ್ಬೆಟ್ಟು ಕಳಿಸತಕ್ಕದ್ದಲ್ಲ, ಪೂರ್ಣ ವಾಕ್ಯಗಳಲ್ಲೇ ಉತ್ತರಿಸತಕ್ಕದ್ದು.' ಅದನ್ನು ಕೇಳಿ ಶರಣಪ್ಪ ಜೈಲು ಶಿಕ್ಷೆಯಾದವನಂತೆ ಬೆವರಿದ. ಎಡ ಹೆಗಲ ಟವೆಲನ್ನು ಬಲ ಹೆಗಲಿಗೆ ಹಾಕಿಕೊಂಡ. ವಿಚ್ಛೇದನ ಬೇಡುತ್ತಿದ್ದ ಹೆಂಡತಿ ಕೂಡಲೇ ನೀರಿನ ಲೋಟವನ್ನು ಅವನತ್ತ ಸರಿಸಿದಳು.

"ನೀರು ಯಾರು ಕೇಳಿದ್ರವ್ವಾ?"

"ಇವ್ರ ಕೇಳಿದ್ರಲ್ರಿ."

"ನನಗ ಕೇಳಿಸಲಿಲ್ಲ."

"ಟವೆಲ್ಲ ಹೆಗಲು ಬದ್ಲಾತಲ್ರಿ!" ಎಂದಳು, ಕಿವುಡನಿಗೆ ಹೇಳುವಂತೆ. "ಮಾವನವರ ಮುಂದ ಗಂಡನ್ನ ಬಾಯಿಬಿಟ್ಟು ಮಾತಾಡ್ಸೂದು ನಮ್ಮನ್ಯಾಗ ಇಲ್ರಿ. ಲಗ್ನ ಆದಾಗಿಂದ ಹಿಂಗ. ಟವೆಲ್ಲಿಗಿ ನೀರು. ಮೂಗ ತಿಕ್ಕಿದ್ರ ಚಾ. ಹುಬ್ಬ ಏರ್ಸಿದ್ರ, ಪಲ್ಯಾದಾಗ ಉಪ್ಪಿಲ್ಲ."

ಅಂದರೆ ಇವರ ಸಂಸಾರ ನಡೆದದ್ದೇ ಕೈ, ಕಣ್ಣು, ಹುಬ್ಬುಗಳ ಮೇಲೆ. ಫೋನಿನಲ್ಲಿ ಅವೆಲ್ಲ ಹೋಗಿ, ಹೆಬ್ಬೆಟ್ಟೊಂದೇ ಉಳಿದಿತ್ತು.

"ಮತ್ತ, ಹೋಗಬ್ಯಾಡ ಅನ್ನೂದಕ್ಕ?" ಎಂದು ಕೇಳಿದೆ.

ಮಹಾದೇವಿ ಗಂಡನ ಕಡೆ ನೋಡಿದಳು. ಟೇಬಲ್ಲಿನ ಕೆಳಗೆ ಏನೋ ಸರಿದ ಸದ್ದು. ಬಗ್ಗಿ ನೋಡಿದೆ. ಅವಳು ಕಳಚಿಟ್ಟಿದ್ದ ಚಪ್ಪಲಿಗಳನ್ನು ಶರಣಪ್ಪ ಕಾಲಿನಿಂದ ತನ್ನ ಕುರ್ಚಿಯ ಅಡಿಗೆ ಎಳೆದುಕೊಳ್ಳುತ್ತಿದ್ದ, ಮುಖ ಮಾತ್ರ ಫ್ಯಾನಿನ ಕಡೆ.

"ನೋಡ್ರಿ, ಬಾಯಿ ಬಿಡ್ತಾರೇನ ಈಗರೆ," ಎಂದು ಅವಳು ಸೆರಗು ಬಾಯಿಗಿಟ್ಟು ನಕ್ಕಳು. ಕಣ್ಣೂ ಒರೆಸಿಕೊಂಡಳು.

ಬರೆದುಕೊಳ್ಳುತ್ತ ಕೂತವನಿಗೆ ಅರ್ಧ ಹೇಳಿಕೆ ಮಾತ್ರ ಸಿಗುತ್ತದೆ; ಉಳಿದರ್ಧಕ್ಕೆ ಪೆನ್ನು ಕೆಳಗಿಟ್ಟು ತಲೆ ಎತ್ತಬೇಕು, ಕೆಲವೊಮ್ಮೆ ಟೇಬಲ್ಲಿನ ಕೆಳಗೂ ಬಗ್ಗಬೇಕು. ಈ ವೃತ್ತಿ ನನಗೆ ಕಲಿಸಿದ್ದು ಅಷ್ಟು. ಮೊದಲ ಷರತ್ತನ್ನು ಹೊಡೆದುಹಾಕಿ ಬರೆದೆ: 'ದಿನಾಲೂ ಪಾಳಿ ಮುಗಿದ ಮೇಲೆ ವಿಡಿಯೋ ಕಾಲ್ ಮಾಡತಕ್ಕದ್ದು. ಮುಖವಷ್ಟೇ ಅಲ್ಲ, ಎರಡೂ ಹೆಗಲು ಕಾಣತಕ್ಕದ್ದು.' ಇಬ್ಬರೂ ಸಹಿ ಮಾಡಿದರು.

ಅರ್ಜಿ ವಾಪಸಾಯಿತು. ಕೆಲವು ತಿಂಗಳ ನಂತರ, ಸಂಸಾರ ಹೇಗಿದೆ ಎಂದು ಶರಣಪ್ಪನಿಗೆ ಮೆಸೇಜು ಹಾಕಿದೆ. ಹೆಬ್ಬೆಟ್ಟು ಬಂತು.