ರಮಣ ಕಳೆಯದ ಕೊನೆಯ ಭಾಗ

ಆ ಕಾದಂಬರಿಯ ಕೊನೆಯ ಭಾಗವನ್ನು ರಮಣ ಕಳೆಯಲಿಲ್ಲ. ಅದು ಹಾಳಾದದ್ದು ನಮ್ಮ ಮನೆಯಲ್ಲಿ, ನಮ್ಮ ರೇಷ್ಮೆ ಹುಳುಗಳ ಅಡಿಯಲ್ಲಿ. ನಾನು ಅದರ ಒಂದು ಪುಟವನ್ನೂ ಓದಿರಲಿಲ್ಲ. ಓದಿದ್ದೇನೆ, ಬಸ್ಸಿಗೆ ಕೊಟ್ಟು ಕಳಿಸಿದ್ದೇನೆ ಎಂದು ಎಲ್ಲರ ಮುಂದೆ ಹೇಳಿದವಳು ನಾನು. ಅಷ್ಟಕ್ಕೇ ನಿಲ್ಲಲಿಲ್ಲ — ಓದದ ಕಥೆಗೆ ನಾನೇ ಒಂದು ಕೊನೆ ಕಟ್ಟಿ ಹೇಳಿದೆ. ಜನ ಕಣ್ಣೊರೆಸಿಕೊಂಡರು. ನನಗೆ ಆಗ ನಾಚಿಕೆಯಾಗಲಿಲ್ಲ, ಹೆಮ್ಮೆಯಾಯಿತು. ಈಗ ಹೇಳಲು ಕೂತಾಗಲೂ ಆ ಹೆಮ್ಮೆ ಪೂರ್ತಿ ಹೋಗಿಲ್ಲ, ಅದನ್ನೂ ಹೇಳಿಬಿಡಬೇಕು.

ನಾನು ಮಾಲೂರಿನ ಒಂದು ಶಾಲೆಯಲ್ಲಿ ಮೇಡಂ ಆಗಿದ್ದೆ. ಮನೆ ಟೇಕಲ್ ಹತ್ತಿರದ ಹಳ್ಳಿ. ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ. ನಮ್ಮ ಕಡೆಯವರೆಂದರೆ ರಾಗಿ, ಸೊಪ್ಪು, ಮಾವು — ಅಷ್ಟೇ ಎಂದು ಬೆಂಗಳೂರಿನವರು ತಿಳಿದಿದ್ದರು. ನಾವು ಓದುತ್ತಿದ್ದ ಹಾಗೆ ಅವರು ಓದುತ್ತಿದ್ದರೋ ಇಲ್ಲವೋ, ನನಗಂತೂ ಅನುಮಾನ! ನಾವು ನಾಲ್ವರು. ಮಾಲೂರಿಗೆ ನಾನು. ಕೋಲಾರದಲ್ಲಿ ಪುಸ್ತಕ ಬೈಂಡು ಮಾಡುವ ಬಾಷಾ ಸಾಬರು. ಶ್ರೀನಿವಾಸಪುರದಲ್ಲಿ ಮಾವಿನ ಮಂಡಿಯ ಗುಮಾಸ್ತ ಕೃಷ್ಣಪ್ಪ. ಮುಳಬಾಗಿಲಿನಾಚೆ, ಆಂಧ್ರದ ಗಡಿಗೆ ಅಂಟಿಕೊಂಡಂಥ ಹಳ್ಳಿಯ ರೈತನ ಮಗ ರಮಣ. ಅವನ ಮನೆಮಾತು ತೆಲುಗು. ಕನ್ನಡವನ್ನು ಶಾಲೆಯಲ್ಲಿ ಕಲಿತವನು. ಆದರೆ ನಮ್ಮೆಲ್ಲರಿಗಿಂತ ನಿಧಾನವಾಗಿ, ನಮ್ಮೆಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದವನು ಅವನೇ. ಇದನ್ನು ಅವತ್ತು ಯಾರಾದರೂ ಹೇಳಿದ್ದರೆ ನಾನು ಒಪ್ಪುತ್ತಿರಲಿಲ್ಲ.

ದಪ್ಪ ಕಾದಂಬರಿಯ ಒಂದೇ ಪ್ರತಿಯನ್ನು ನಾಲ್ವರೂ ಸೇರಿ ಕೊಳ್ಳುತ್ತಿದ್ದೆವು. ಬಾಷಾ ಸಾಬರು ಅದನ್ನು ನಾಲ್ಕು ಭಾಗ ಮಾಡಿ, ಒಂದೊಂದನ್ನೂ ಬೇರೆ ಬೇರೆ ದಾರದಲ್ಲಿ ಹೊಲಿದು ಕೊಡುತ್ತಿದ್ದರು. ಮೊದಲನೆಯವರು ಒಂದು ಭಾಗ ಮುಗಿಸಿ ಎರಡನೆಯವರಿಗೆ ಕಳಿಸಿ, ತಾವು ಮುಂದಿನ ಭಾಗ ಹಿಡಿಯಬೇಕು. ಹೀಗೆ ಒಂದೇ ಪುಸ್ತಕ ನಾಲ್ಕೂ ತಾಲೂಕಿನಲ್ಲಿ ಏಕಕಾಲಕ್ಕೆ ಓಡಾಡುತ್ತಿತ್ತು, ಬಸ್ಸಿನಲ್ಲಿ. ಕಂಡಕ್ಟರ್ ಕೈಗೆ ಕಟ್ಟು ಕೊಟ್ಟರೆ ಆ ಕಡೆಯವರು ನಿಲ್ದಾಣದಲ್ಲಿ ನಿಂತು ಇಳಿಸಿಕೊಳ್ಳುತ್ತಿದ್ದರು. ಎಲ್ಲರದೂ ಮುಗಿಯುವ ಹೊತ್ತಿಗೆಂದು ಮೊದಲೇ ಗೊತ್ತು ಮಾಡಿದ ಒಂದು ಭಾನುವಾರ ಬಾಷಾ ಸಾಬರ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೇರಿ ಮಾತಾಡುವುದು. ಅದನ್ನು ಕೇಳಲೆಂದೇ ಬರುವವರೂ ಇದ್ದರು. ಪುಸ್ತಕ ಕುಯ್ಯುತ್ತೀರಲ್ಲ ಎಂದು ಯಾರೋ ಹಂಗಿಸಿದರೆ ಬಾಷಾ ಸಾಬರು, "ಹಲಸಿನಹಣ್ಣು ಕುಯ್ಯದೆ ಹ್ಯಾಗೆ ಹಂಚ್ತೀರಿ ಸ್ವಾಮಿ?" ಅನ್ನುತ್ತಿದ್ದರು.

ಒಂದು ಕಟ್ಟಳೆ ಮಾತ್ರ ಇತ್ತು. ಭಾಗ ಕಳೆದವರಿಗೆ ಮುಂದಿನ ಪುಸ್ತಕ ಇಲ್ಲ, ಯಾವತ್ತಿಗೂ ಇಲ್ಲ. ಅದನ್ನು ಮಾಡಿದವಳು ನಾನು. ಶಾಲೆಯಲ್ಲಿ ಮಕ್ಕಳನ್ನು ಹದ್ದುಬಸ್ತಿನಲ್ಲಿ ಇಟ್ಟು ಅಭ್ಯಾಸ ನೋಡಿ — ದೊಡ್ಡವರನ್ನೂ ಹಾಗೇ ಇಡಬಹುದು ಅಂದುಕೊಂಡಿದ್ದೆ. ನನಗೆ ಸೊಕ್ಕು ಜಾಸ್ತಿ ಎಂದು ನಮ್ಮಮ್ಮ ಚಿಕ್ಕಂದಿನಿಂದ ಹೇಳುತ್ತಲೇ ಇದ್ದಳು.

ಆ ಸಲದ ಕಾದಂಬರಿ ಇಬ್ಬರು ಅಣ್ಣತಮ್ಮಂದಿರದು. ಹೆಸರು ಬೇಡ. ಒಂದು ಬಾವಿಗಾಗಿ ಜಗಳವಾಡಿ ತಮ್ಮ ಊರು ಬಿಡುತ್ತಾನೆ. ಮೂರನೆಯ ಭಾಗದ ಕೊನೆಗೆ ಅಣ್ಣ ಅವನನ್ನು ಹುಡುಕಿಕೊಂಡು ಹೊರಟಿದ್ದ. ಮೊದಲ ಓದು ನನ್ನ ಪಾಲಿಗೆ, ಎರಡನೆಯದು ರಮಣನಿಗೆ. ಮೂರನೆಯ ಭಾಗ ಅವನಿಗೆ ಕಳಿಸಿ, ಕೊನೆಯದನ್ನು ನಿಧಾನವಾಗಿ ಓದೋಣ ಎಂದು ಗೋಡೆಯ ಗೂಡಿನಲ್ಲಿ ಇಟ್ಟಿದ್ದೆ. ಪರೀಕ್ಷೆಯ ಕಾಲ, ಶಾಲೆಯಲ್ಲಿ ಉಸಿರಾಡಲು ಬಿಡುವಿರಲಿಲ್ಲ. ಒಂದು ಸಂಜೆ ಬಂದು ನೋಡಿದರೆ ಗೂಡು ಖಾಲಿ.

"ಅತ್ತೆ, ಇಲ್ಲಿದ್ದ ಪುಸ್ತಕ ಎಲ್ಲಿ?"

"ಯಾವ ಪುಸ್ತಕನಮ್ಮಾ? ಹರಕಲು ಕಾಗದ ಇತ್ತು. ಹುಳಕ್ಕೆ ಹಾಸ್ದೆ."

ಅವರದೇನು ತಪ್ಪು? ರಟ್ಟಿಲ್ಲ, ಹೆಸರಿಲ್ಲ, ನೋಡಿದರೆ ರದ್ದಿ. ಎಳೆ ಹುಳುಗಳ ತಟ್ಟೆಗೆ ಕಾಗದ ಹಾಸುವುದು ನಮ್ಮ ಮನೆಯಲ್ಲಿ ದಿನದ ಕೆಲಸ. ಬಾಷಾ ಸಾಬರ ಹೊಲಿಗೆಯ ದಾರವನ್ನೂ ದಂಡ ಮಾಡದೆ ಬಿಚ್ಚಿ ಸುತ್ತಿ ಇಟ್ಟಿದ್ದರು ನಮ್ಮತ್ತೆ. ಹುಳುಗಳು ಆಗ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಆ ಹೊತ್ತಿನಲ್ಲಿ ತಟ್ಟೆ ಮುಟ್ಟುವಂತಿಲ್ಲ. ಅವು ಎದ್ದ ಮೇಲೆ ತೆಗೆದು ನೋಡಿದರೆ ಸೊಪ್ಪಿನ ಹಸಿ, ಹುಳುವಿನ ಹಿಕ್ಕೆ ಹತ್ತಿ ಪುಟಕ್ಕೆ ಪುಟ ಅಂಟಿಹೋಗಿತ್ತು. ಬಿಡಿಸಲು ಹೋದಷ್ಟೂ ಹರಿಯಿತು. ತಿಪ್ಪೆಗೆ ಹಾಕಿದೆ.

ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರೆ ಏನಾಗುತ್ತಿತ್ತು? ನಗುತ್ತಿದ್ದರು, ಅಷ್ಟೇ. ಮೇಡಂ ಮನೆಯ ಹುಳುಗಳೂ ಕಾದಂಬರಿ ಓದುತ್ತವೆ ಎಂದು ಕೃಷ್ಣಪ್ಪ ವರ್ಷವಿಡೀ ರೇಗಿಸುತ್ತಿದ್ದ. ಆ ನಗುವನ್ನು ನನ್ನಿಂದ ತಡೆದುಕೊಳ್ಳಲಾಗುತ್ತಿರಲಿಲ್ಲ. ನಾನು ಮಾಡಿದ ಕಟ್ಟಳೆಗೆ ನಾನೇ ಮೊದಲು ಸಿಕ್ಕಿಬೀಳುವುದೆಂದರೆ — ಇಲ್ಲ, ಆಗದ ಮಾತು.

ಗೊತ್ತು ಮಾಡಿದ್ದ ಭಾನುವಾರ ಕೋಲಾರಕ್ಕೆ ಹೋದೆ. ಏನು ಹೇಳಬೇಕೆಂದು ಯೋಚಿಸಿರಲಿಲ್ಲ. ರಮಣ ಆಗಲೇ ಬಂದಿದ್ದ. ಜೊತೆಯಲ್ಲಿ ಅವನ ಅಪ್ಪ ಮುನಿಸ್ವಾಮಪ್ಪ, ತಲೆಗೆ ಟವಲ್ಲು ಸುತ್ತಿಕೊಂಡು ಬಾಗಿಲ ಬಳಿ ಕೂತಿದ್ದರು. ಓದುಬರಹ ಬಾರದ ಮನುಷ್ಯ. ರಮಣ ದಿನಾ ಸಂಜೆ ತಾನು ಓದಿದ್ದನ್ನೆಲ್ಲ ತೆಲುಗಿನಲ್ಲಿ ಅಪ್ಪನಿಗೆ ಹೇಳುತ್ತಿದ್ದನಂತೆ. ಅಣ್ಣ ತಮ್ಮನನ್ನು ಹುಡುಕಿಕೊಂಡು ಹೊರಟಲ್ಲಿಗೆ ಕಥೆ ನಿಂತಿತ್ತು. ಮುಂದೇನಾಯಿತೋ ಎಂದು ತಡೆಯಲಾರದೆ ಆ ಮುದುಕ ಬಸ್ಸು ಹತ್ತಿ ಬಂದಿದ್ದರು.

"ಮೇಡಂ, ಕೊನೆ ಭಾಗ ಬರ್ಲೇ ಇಲ್ವಲ್ಲ," ಅಂದ ರಮಣ.

"ಕಳಿಸಿದ್ನಲ್ಲ ರಮಣ."

ಬಾಯಿಂದ ಬಂದುಬಿಟ್ಟಿತು. ಅಲ್ಲಿಗೆ ನಿಂತಿದ್ದರೂ ತಪ್ಪು ಬಸ್ಸಿನ ಮೇಲೆ ಹೋಗುತ್ತಿತ್ತು, ಕಂಡಕ್ಟರ್ ಮೇಲೆ ಹೋಗುತ್ತಿತ್ತು. ಆದರೆ ರಮಣ ತಲೆ ಕೆರೆದುಕೊಂಡು, ತನ್ನನ್ನೇ ಅನುಮಾನಿಸುತ್ತ ಹೇಳಿದ, "ದಿನಾ ಬಸ್ ಸ್ಟ್ಯಾಂಡಲ್ಲಿ ನಿಂತಿದ್ದೆ ಮೇಡಂ. ಬುಧವಾರ ಒಂದಿನ ಮಾತ್ರ ತಡ ಆಯ್ತು. ಎತ್ತು ಹುಷಾರಿರ್ಲಿಲ್ಲ. ನಾನು ಹೋಗೋವಷ್ಟ್ರಲ್ಲಿ ಬಸ್ ಹೊರಟೋಗಿತ್ತು."

ಕೇಳದೆಯೇ ಅವನು ನನ್ನ ಕೈಗೆ ಒಂದು ದಿನ ಕೊಟ್ಟ. ನಾನು ತೆಗೆದುಕೊಂಡೆ.

"ಬುಧವಾರವೇ ಕಳಿಸಿದ್ದು," ಅಂದೆ.

ಎರಡೇ ಮಾತು. ಅದನ್ನು ಹೇಳುವಾಗ ನನ್ನ ದನಿ ನಡುಗಲಿಲ್ಲ. ಹಾಜರಿ ಕೂಗುವಾಗಿನ ದನಿಯಲ್ಲೇ ಹೇಳಿದೆ. ಕೃಷ್ಣಪ್ಪ ಲೊಚಗುಟ್ಟಿದ. ಬಾಷಾ ಸಾಬರು ನೆಲ ನೋಡಿದರು. ಯಾರೋ ಪರಿಚಯವಿಲ್ಲದವರು ಬಸ್ಸಿನಿಂದ ಇಳಿಸಿಕೊಂಡು ಹೋಗಿರಬೇಕು ಎಂದು ಎಲ್ಲರೂ ತೀರ್ಮಾನಿಸಿದರು. ರಮಣನೂ ಅದನ್ನೇ ನಂಬಿದ.

ಆಗ ಮುನಿಸ್ವಾಮಪ್ಪ ಬಾಗಿಲ ಬಳಿಯಿಂದ ಎದ್ದು ಬಂದರು. ತಲೆಯ ಟವಲ್ಲು ತೆಗೆದು ಕೈಯಲ್ಲಿ ಹಿಡಿದು ನನ್ನ ಮುಂದೆ ನಿಂತರು. "ತಪ್ಪಾಯ್ತು ತಲ್ಲೀ. ನಮ್ಮೋನು ಹೊತ್ಗೆ ಸರ್ಯಾಗಿ ಹೋಗ್ಬೇಕಾಗಿತ್ತು. ಎತ್ತು ನಾನು ನೋಡ್ಕೊಂತಿದ್ದೆ, ಅವನ್ನ ಕಳಿಸ್ಬೇಕಾಗಿತ್ತು. ಮನಸ್ಸಲ್ಲಿ ಇಟ್ಕೋಬೇಡಿ," ಎಂದು ಕೈ ಮುಗಿದರು.

ನನ್ನ ಅಪ್ಪನ ವಯಸ್ಸು. ನಾನೇನು ಮಾಡಿದೆ ಗೊತ್ತೆ? ಪರವಾಗಿಲ್ಲ ಬಿಡಿ, ಅಂದೆ. ಆ ಕ್ಷಮಾಪಣೆಯನ್ನು ತೆಗೆದುಕೊಂಡೆ. ಸುಳ್ಳು ಹೇಳಿದ್ದಕ್ಕಿಂತ ಇದು ದೊಡ್ಡ ತಪ್ಪು ಎಂದು ಈಗ ಅನಿಸುತ್ತದೆ. ಸುಳ್ಳು ಗಾಬರಿಯಲ್ಲಿ ಬಂದಿತ್ತು. ಆ ಮುಗಿದ ಕೈಗಳನ್ನು ನೋಡುವ ಹೊತ್ತಿಗೆ ಗಾಬರಿ ಇಳಿದಿತ್ತು, ನಾನು ಏನು ಮಾಡುತ್ತಿದ್ದೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು —

ಆಮೇಲೆ ಅವರು ಅಲ್ಲೇ ನಿಂತು, ಸ್ವಲ್ಪ ಸಂಕೋಚದಿಂದ ಕೇಳಿದರು. "ಅಮ್ಮಾ, ನೀವು ಓದಿದೀರಲ್ಲ. ತಮ್ಮುಡು ಸಿಕ್ಕಿದ್ನಾ?"

ಎಲ್ಲರೂ ನನ್ನ ಕಡೆ ತಿರುಗಿದರು. ಬಾಷಾ ಸಾಬರು ಸ್ಟೂಲು ಮುಂದಕ್ಕೆ ಎಳೆದುಕೊಂಡರು. ಹೇಳಲೇಬೇಕಾಯಿತು.

ನಾನು ಹೇಳಿದೆ. ಎಲ್ಲಿಂದ ಬಂತೋ ಕಾಣೆ. ಅಣ್ಣ ಊರೂರು ತಿರುಗಿ ಸೋತು ಬರಿಗೈಲಿ ಮನೆಗೆ ಬರುತ್ತಾನೆ. ಬೆಳಗ್ಗೆ ಎದ್ದು ನೋಡಿದರೆ ಬಾವಿಯ ರಾಟೆ ತಿರುಗುವ ಸದ್ದು. ತಮ್ಮ ಅವನಿಗಿಂತ ಮೊದಲೇ ಬಂದು ನೀರು ಸೇದುತ್ತಿದ್ದಾನೆ. ಇಬ್ಬರೂ ಮಾತಾಡುವುದಿಲ್ಲ. ಅಣ್ಣ ಹೋಗಿ ಹಗ್ಗಕ್ಕೆ ತಾನೂ ಕೈ ಹಾಕುತ್ತಾನೆ. ಅಷ್ಟೇ. ಹೇಳಿ ಮುಗಿಸಿದಾಗ ಬಾಷಾ ಸಾಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮುನಿಸ್ವಾಮಪ್ಪನವರು, "ಬಾಗುಂದಿ... ಚಾಲಾ ಬಾಗುಂದಿ ಅಮ್ಮಾ, ಬಲೇ ಚೆನ್ನಾಗೈತೆ," ಎಂದು ಎರಡು ಭಾಷೆ ಬೆರೆಸಿ ಹೇಳಿದರು. ನನ್ನ ಎದೆ ಉಬ್ಬಿತು. ವಾಪಸು ಬರುವ ಬಸ್ಸಿನಲ್ಲಿ ನಾನು ಯೋಚಿಸಿದ್ದು ರಮಣನ ಬಗ್ಗೆ ಅಲ್ಲ, ಆ ರಾಟೆಯ ಸದ್ದಿನ ಬಗ್ಗೆ. ಎಷ್ಟು ಚೆನ್ನಾಗಿ ಹೊಳೆಯಿತಲ್ಲ ಎಂದು.

ಕಟ್ಟಳೆ ಕಟ್ಟಳೆಯೇ. ಮುಂದಿನ ಪುಸ್ತಕ ಮೂರೇ ಭಾಗವಾಯಿತು. ಈ ಸಲ ಬಿಟ್ಟುಬಿಡೋಣವೇ ಎಂದು ಬಾಷಾ ಸಾಬರು ನನ್ನನ್ನು ಕೇಳಿದ್ದರು. ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ ಅಂದೆ. ರಮಣನ ಹಳ್ಳಿಯಲ್ಲಿ ಪುಸ್ತಕವೆಂದರೆ ಶಾಲೆಯ ಪಠ್ಯ ಬಿಟ್ಟು ಬೇರೇನೂ ಇರಲಿಲ್ಲ. ನಮ್ಮ ಬಸ್ಸಿನ ಕಟ್ಟು ನಿಂತ ಮೇಲೆ ಅವನು ಏನು ಓದಿದನೋ, ಸಂಜೆ ಅಪ್ಪನಿಗೆ ಏನು ಹೇಳಿದನೋ ನಾನು ವಿಚಾರಿಸಲಿಲ್ಲ. ಕೆಲವು ವರ್ಷಕ್ಕೆ ನಮ್ಮ ಬಳಗವೂ ಚದುರಿತು.

ಎಂಬತ್ತರ ದಶಕದ ನಡುವೆ ಅದೇ ಕಾದಂಬರಿ ಇಡಿಯಾಗಿ ನನ್ನ ಕೈಗೆ ಸಿಕ್ಕಿತು. ನಿಂತಲ್ಲೇ ಕೊನೆ ತಿರುವಿದೆ. ಅದರಲ್ಲಿ ಅಣ್ಣನಿಗೆ ತಮ್ಮ ಸಿಗುತ್ತಾನೆ. ಆದರೆ ಬರುವುದಿಲ್ಲ. ನಿನ್ನ ಬಾವಿಯ ನೀರು ನನಗೆ ಬೇಡ ಅನ್ನುತ್ತಾನೆ. ಓದಿ ಮುಚ್ಚಿದಾಗ ನನಗೆ ಮೊದಲು ಬಂದ ಯೋಚನೆ ಏನೆಂದರೆ, ನನ್ನದೇ ಚೆನ್ನಾಗಿತ್ತು ಎಂದು! ಮನುಷ್ಯರ ಸೊಕ್ಕಿಗೆ ಮಿತಿ ಬೇಡವೆ? ರಮಣ ನೆನಪಾದದ್ದು ಆಮೇಲೆ.

ಅದಾದ ಸ್ವಲ್ಪ ದಿನಕ್ಕೆ ಬಂಧುಗಳ ಮನೆಯ ಮದುವೆಗೆಂದು ಹೋಗಿದ್ದವಳು ಮುಳಬಾಗಿಲಿನ ಬಸ್ ನಿಲ್ದಾಣದಲ್ಲಿ ಕೂತಿದ್ದೆ. ಯಾರೋ ಬಂದು "ಮೇಡಂ" ಅಂದರು. ರಮಣ. ಕೂದಲು ಆಗಲೇ ಅಲ್ಲಲ್ಲಿ ಬೆಳ್ಳಗಾಗಿತ್ತು. ಕೈಚೀಲದಿಂದ ಒಂದು ಪುಸ್ತಕ ಇಣುಕುತ್ತಿತ್ತು. ಈಗ ಏನು ಓದುತ್ತಿದ್ದೀಯ ಎಂದು ಕೇಳಿದೆ, ಹಳೆಯ ಅಭ್ಯಾಸ. ಅವನು ಖುಷಿಯಿಂದ ಹೇಳತೊಡಗಿದ. ಊರಿನಲ್ಲಿ ಒಂದಿಷ್ಟು ಜನರನ್ನು ಸೇರಿಸಿ ತಾನೇ ಓದಿ ಹೇಳುತ್ತಿದ್ದಾನಂತೆ. ಕೋಲಾರದ ಲೈಬ್ರರಿಯಿಂದ ಪುಸ್ತಕ ತರುತ್ತಾನಂತೆ. ಯಾರ ಹಂಗೂ ಇಲ್ಲದೆ ಅವನು ಕಟ್ಟಿಕೊಂಡದ್ದನ್ನು ಕೇಳಿ ನನಗೆ ನಿಜಕ್ಕೂ ಅಭಿಮಾನ ಉಕ್ಕಿತು. ನಮ್ಮ ಹುಡುಗ ಅನ್ನಿಸಿತು — ಹಾಗೆ ಅನ್ನಿಸಲು ನನಗೇನು ಹಕ್ಕಿತ್ತೋ.

ಆಮೇಲೆ ಅವನು ತಣ್ಣಗೆ ಹೇಳಿದ. "ಅಣ್ಣತಮ್ಮಂದಿರ ಆ ಪುಸ್ತಕಾನೂ ಓದ್ದೆ ಮೇಡಂ. ಲೈಬ್ರರೀಲಿತ್ತು. ಪೂರ್ತಿ ಓದ್ದೆ."

ನಿಜವಾದ ಕೊನೆಯನ್ನು ಅವನು ಓದಿದ್ದ. ನಾನು ಹೇಳಿದ ಕೊನೆ ಅದರಲ್ಲಿ ಇಲ್ಲವೆಂದ ಮೇಲೆ, ನಾನು ಓದಿರಲಿಲ್ಲ, ಕಳಿಸಿರಲಿಲ್ಲ ಎನ್ನುವುದು ಅವನಿಗೆ ಎಷ್ಟೋ ಹಿಂದೆಯೇ ಗೊತ್ತಾಗಿತ್ತು. ಯಾರಿಗೂ ಹೇಳಿರಲಿಲ್ಲ.

"ಅಪ್ಪಂಗೂ ಹೇಳ್ಲಿಲ್ಲ," ಅಂದ. "ನೀವು ಹೇಳಿದ್ದ ಕೊನೆ ಅವನಿಗೆ ಬಲೇ ಇಷ್ಟ ಆಗ್ಬಿಟ್ಟಿತ್ತು. ಯಾರ ಮನೇಲಿ ಅಣ್ಣತಮ್ಮಂದಿರು ಜಗಳ ಆಡ್ಲಿ, ಹೋಗಿ ಆ ಕಥೆ ಹೇಳಿ ಬರ್ತಿದ್ದ. ಸಾಯೋ ತನಕ ಹೇಳ್ದ. ನಮ್ಮೂರಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು ಅದು."

ಒಂದು ಕ್ಷಣ — ಅಷ್ಟಾದರೂ ನನ್ನ ಮನಸ್ಸು ಅರಳಿತು. ನಾನು ಕಟ್ಟಿದ ಕಥೆ ಒಂದು ಊರಿನ ಕಥೆಯಾಗಿತ್ತು. ಅದಕ್ಕಿಂತ ದೊಡ್ಡ ಬಹುಮಾನ ನನಗೆ ಇನ್ನೇನು ಬೇಕು?

ರಮಣ ಚೀಲ ಹೆಗಲಿಗೆ ಹಾಕಿಕೊಂಡ. ಅವನ ಬಸ್ಸು ಬಂದಿತ್ತು. "ಕಥೆ ಮುಗಿಸಿ ಪ್ರತಿ ಸಲಾನೂ ಒಂದು ಮಾತು ಸೇರಿಸ್ತಿದ್ದ ಮೇಡಂ. ಇಷ್ಟು ಒಳ್ಳೆ ಪುಸ್ತಕಾನ ನನ್ನ ಮಗನೇ ಕಳೆದಾಕ್ಬಿಟ್ಟ ಅಂತ."

ಅವನು ಬಸ್ಸು ಹತ್ತಿದ. ಅವತ್ತೂ ನನ್ನ ಬಾಯಿಂದ ತಪ್ಪಾಯ್ತು ಎನ್ನುವ ಮಾತು ಹೊರಡಲಿಲ್ಲ. ಬಸ್ಸು ಹೊರಟ ಮೇಲೆ ಹೊರಟಿತು, ಕೇಳುವವರು ಯಾರೂ ಇರಲಿಲ್ಲ.

ಆ ಊರಿನಲ್ಲಿ ಇವತ್ತಿಗೂ ಆ ಕಥೆ ಇದ್ದರೆ ಆ ಕೊನೆಯ ಮಾತೂ ಇದ್ದೇ ಇರುತ್ತದೆ. ನಾನು ಹೋಗುತ್ತೇನೆ. ರಮಣನ ಮನೆಗೆ ಮಾತ್ರ ಅಲ್ಲ — ಕಥೆ ಕೇಳಿದವರೆಲ್ಲ ಕೂರುವ ಕಡೆ ಹೋಗಿ, ನನ್ನ ಅರೆಬರೆ ತೆಲುಗಿನಲ್ಲೇ ಅದನ್ನು ಇನ್ನೊಂದು ಸಲ ಮೊದಲಿಂದ ಹೇಳುತ್ತೇನೆ. ಅಣ್ಣ ಬಂದು ಹಗ್ಗಕ್ಕೆ ಕೈ ಹಾಕುವವರೆಗೂ ಹೇಳಿ, ಮುನಿಸ್ವಾಮಪ್ಪನವರು ತಮ್ಮ ಮಗನ ಹೆಸರು ಹೇಳುತ್ತಿದ್ದ ಜಾಗದಲ್ಲಿ ನನ್ನ ಹೆಸರು ಹೇಳುತ್ತೇನೆ.