ಪೀಣ್ಯದಲ್ಲಿ ಸಿಕ್ಕ ಊರಿನ ಮಾತು

ತುಮಕೂರಿಗೆ ಹೊರಟವರು ತಿಂಡಿಗೆಂದು ಪೀಣ್ಯದ ಒಂದು ದರ್ಶಿನಿ ಮುಂದೆ ಕಾರು ನಿಲ್ಲಿಸಿದೆವು. ನನ್ನ ಜೊತೆಗಿದ್ದವರು ಚೀನಾದ ಇತಿಹಾಸಕಾರರು, ಎಪ್ಪತ್ತು ದಾಟಿದವರು. ತಾವು ಚಿಕ್ಕವರಿದ್ದಾಗ ತಮ್ಮ ಸೀಮೆಯಲ್ಲಿ ಜನ ಹಸಿವಿನಿಂದ ಸತ್ತದ್ದನ್ನು, ಸತ್ತವರ ಹೆಸರುಗಳ ಸಮೇತ, ಪುಸ್ತಕವಾಗಿ ಬರೆದರು. ಸರ್ಕಾರ ಅಳಿಸಿ ಎಂದರೂ ಒಂದು ಸಾಲನ್ನೂ ಅಳಿಸಲಿಲ್ಲ. ಕೆಲಸ ಹೋಯಿತು, ದೇಶವನ್ನೇ ಬಿಡಬೇಕಾಯಿತು. "ಸತ್ತವರ ವಿಷಯದಲ್ಲಿ ಸುಳ್ಳು ಹೇಳಬಾರದು" ಎನ್ನುತ್ತಾರೆ.

"ಸಾರ್, ಅವ್ರಿಗೆ ಚಟ್ನಿ ಖಾರ ಆಗಲ್ವಾ?" ಎಂದು ದರ್ಶಿನಿಯವನು ನನ್ನನ್ನು ಕೇಳುತ್ತಿದ್ದಾಗಲೇ ಅವರು ಇನ್ನೊಂದು ಸಲ ಹಾಕಿಸಿಕೊಂಡರು.

ಅಷ್ಟರಲ್ಲಿ ಪಕ್ಕದ ಕಾರ್ಖಾನೆಗೆ ಯಂತ್ರ ಜೋಡಿಸಲು ಬಂದಿದ್ದ ನಾಲ್ಕಾರು ಚೀನೀ ಎಂಜಿನಿಯರುಗಳು ಒಳಬಂದರು. ಅವರಲ್ಲೊಬ್ಬಳು ಹುಡುಗಿ ಇವರನ್ನು ಕಂಡು ಮುಖವರಳಿಸಿ ತಮ್ಮ ಭಾಷೆಯಲ್ಲಿ ಏನೋ ಕೇಳಿದಳು. ಇವರು ಚುಟುಕಾಗಿ ಉತ್ತರಿಸಿ, ತಟ್ಟೆ ಎತ್ತಿಕೊಂಡು ದೂರ ಹೋಗಿ ನಿಂತುಬಿಟ್ಟರು. ಊರಿನ ಮಾತು ಕಿವಿಗೆ ಬೀಳಲೆಂದು ಹಂಬಲಿಸುವ ಮನುಷ್ಯ! ನನಗೆ ಆಶ್ಚರ್ಯವಾಯಿತು.

"ಏನು ಕೇಳಿದಳು?" ಎಂದೆ.

"ಏನು ಕೆಲಸದಲ್ಲಿದ್ರಿ ಅಂತ. ಅಡುಗೆಯವನಾಗಿದ್ದೆ ಅಂದೆ. ನನ್ನ ಜೊತೆ ಮಾತಾಡಿದ್ದು ಗೊತ್ತಾದ್ರೆ ಆ ಮಗೂಗೆ ತೊಂದರೆ."

ತನ್ನ ಜೊತೆಯ ಎಂಜಿನಿಯರುಗಳು ಹೊರಟ ಮೇಲೆ ಆ ಹುಡುಗಿ ಕೈ ತೊಳೆಯುವ ನೆಪದಲ್ಲಿ ಹಿಂದುಳಿದಳು. ನಮ್ಮ ಹತ್ತಿರ ಬಂದು ತಲೆಬಾಗಿ, ಮೆಲ್ಲಗೆ ಏನೋ ಹೇಳಿ ಓಡಿದಳು. ಇವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ಈಗೇನಂದಳು?"

"'ನಿಮ್ಮ ಪುಸ್ತಕದಲ್ಲಿ ನಮ್ಮ ಮುತ್ತಜ್ಜನ ಹೆಸರಿದೆ, ಮೇಷ್ಟ್ರೇ' ಅಂದಳು."