ಮಾಡು ಇಲ್ಲದ ಕಾರು

ಮರವಂತೆಯ ಸುಧಾಕರ ಮುಂಬಯಿ ಬಿಟ್ಟು ಊರಿಗೆ ಬಂದದ್ದು ತೊಂಬತ್ತೇಳರಲ್ಲಿ. ಮುಂಬಯಿಯಿಂದ ಬರುವವರು ಸೂಟ್‌ಕೇಸು ತರುತ್ತಾರೆ, ಟೇಪ್‌ರೆಕಾರ್ಡರು ತರುತ್ತಾರೆ, ಏನೂ ಇಲ್ಲದಿದ್ದರೆ ಸ್ವಲ್ಪ ಹಿಂದಿಯನ್ನಾದರೂ ತರುತ್ತಾರೆ. ಈ ಪುಣ್ಯಾತ್ಮ ತಂದದ್ದು ಒಂದು ಕೆಂಪು ಸ್ಪೋರ್ಟ್ಸ್ ಕಾರು. ಎರಡೇ ಬಾಗಿಲು, ಎರಡೇ ಸೀಟು, ಮೇಲೆ ಮಾಡು, ಚಾವಣಿ ಎಂಬುದೇ ಇಲ್ಲ. ಅದಕ್ಕೆಂದು ಇದ್ದ ಕ್ಯಾನ್ವಾಸಿನ ಹೊದಿಕೆಯನ್ನು ಮುಂಬಯಿಯಲ್ಲೇ ಇಲಿಗಳು ಮುಗಿಸಿದ್ದವು. ಅವನು ಡ್ರೈವರಾಗಿದ್ದ ಮನೆಯ ಪಾರ್ಸಿ ಮುದುಕ ಸಾಯುವ ಮೊದಲು ಪ್ರೀತಿಯಿಂದ ಕೊಟ್ಟ ಕಾರಂತೆ ಅದು. ಜೂನ್ ಬಂದರೆ ಕೊಡೆ ಬಿಟ್ಟು ಬಚ್ಚಲಿಗೂ ಹೋಗಲಾಗದ ಊರಿಗೆ ಇಂಥ ಕಾರು ತಂದವನನ್ನು ನೋಡಿ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಗದೆ ಇದ್ದವಳು ಹೆಂಡತಿ ಜಲಜ ಒಬ್ಬಳೇ. ಅವಳು ಗಂಗೊಳ್ಳಿ ಬಂದರಿನಲ್ಲಿ ಮೀನು ಕೊಂಡು, ಬುಟ್ಟಿ ತಲೆಗೇರಿಸಿ, ಮನೆಮನೆಗೆ ನಡೆದೇ ಮಾರುವವಳು. ನಡೆಯುವ ಹಟವೇನೂ ಅವಳಿಗಿರಲಿಲ್ಲ. ಮುಚ್ಚಿದ ಗಾಡಿ ಹತ್ತಿದರೆ ಮುಗಿಯಿತು, ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಬರುತ್ತಿತ್ತು. ಮದುವೆಯ ದಿನವೇ ದಿಬ್ಬಣದ ವ್ಯಾನಿನಲ್ಲಿ ವಾಂತಿ ಮಾಡಿಕೊಂಡು, ಸೆರಗು ಸಿಕ್ಕಿಸಿ ಇಳಿದು, ಗಂಡನ ಮನೆಗೆ ನಡೆದೇ ಬಂದ ಮದುಮಗಳು ಅವಳು. ಬೈಂದೂರಿಗೆ ಕೊಟ್ಟ ಸ್ವಂತ ತಂಗಿಯ ಮನೆಯನ್ನೂ ನೋಡಿರಲಿಲ್ಲ.

ಕಾರು ಬಂದ ಮರುವಾರ ಸುಧಾಕರ ಅಂಗಳದಲ್ಲಿ ಎಂಜಿನ್ ಚಾಲೂ ಮಾಡಿ ಕೂಗಿದ, “ಹ್ವಾಯ್, ಬಾ, ಹೋಪ.” ಜಲಜ ಒಂದು ಪ್ಲಾಸ್ಟಿಕ್ ಚೀಲವನ್ನು ಮಡಿಲಲ್ಲಿಟ್ಟುಕೊಂಡೇ ಎಡಗಡೆ ಕೂತಳು. ಮರವಂತೆಯಿಂದ ಬೈಂದೂರಿನವರೆಗೆ ಸೆರಗು ಬಾವುಟದಂತೆ ಹಾರಿತು, ಕೂದಲು ಬಿಚ್ಚಿಹೋಯಿತು, ಚೀಲ ಹಾರಿ ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ. ತಂಗಿಯ ಮನೆಯೆದುರು ಇಳಿದವಳು ಗಂಡನ ಕಡೆ ತಿರುಗಿ, “ವಾಂತಿ ಬರ್ಲೇ ಇಲ್ಲೆ ಕಾಣಿ! ಇದ್ ಕಾರ್ ಅಲ್ಲ, ದೋಣಿ,” ಎಂದಳು. ಗಾಳಿ ಬೀಸುವ ಗಾಡಿ ಎಂಬುದು ಜಗತ್ತಿನಲ್ಲಿದೆ ಎಂದು ಅವಳಿಗೆ ಆವರೆಗೆ ಯಾರೂ ಹೇಳಿರಲಿಲ್ಲ.

ಅಲ್ಲಿಂದ ಅವರಿಬ್ಬರದು ಬೇರೆಯೇ ಒಂದು ಸಂಸಾರ ಶುರುವಾಯಿತು. ಹೊಟ್ಟೆಪಾಡಿಗೆ ಅವನು ಮೀನಿನ ಟೆಂಪೋ ಓಡಿಸುತ್ತಿದ್ದ. ಭಾನುವಾರ ಬಂತೆಂದರೆ ಕೆಂಪು ಕಾರು, ಎಡಗಡೆ ಜಲಜ. ವಂಡ್ಸೆ, ಕೋಟೇಶ್ವರ, ಬ್ರಹ್ಮಾವರ ಎಂದು ಸುತ್ತಿದ್ದೇ ಸುತ್ತಿದ್ದು. ಹೆಮ್ಮಾಡಿಯ ಸೇವಂತಿಗೆ ಬಿಡುವ ದಿನಗಳಲ್ಲಿ ದಾರಿಯಲ್ಲೇ ಹೂ ಕೊಂಡು ಮುಡಿಯುತ್ತಿದ್ದಳು. ಮಳೆಗಾಲಕ್ಕೆ ಕಾರು ತೆಂಗಿನ ಮಡಲು ಹೊದೆಸಿದ ಕೊಟ್ಟಿಗೆಯೊಳಗೆ ಸೇರುತ್ತಿತ್ತು, ಜಲಜ ಮತ್ತೆ ನಡಿಗೆಗೆ ಇಳಿಯುತ್ತಿದ್ದಳು.

ಅವಳು ಜ್ವರ ಬಂದು ಮಲಗಿದ್ದೂ ಅಂಥ ಒಂದು ಮಳೆಗಾಲದಲ್ಲೇ, ಎರಡು ಸಾವಿರದ ಎಂಟರಲ್ಲಿ. ಆಂಬುಲೆನ್ಸ್ ಅಂಗಳಕ್ಕೆ ಬಂದಾಗ ಗಂಡನ ಕೈ ಹಿಡಿದು, “ನಮ್ ಕಾರಂಗೆ ಹೋಪ,” ಎಂದಳು.

“ಈ ಮಳಿಯಂಗಾ? ಎಂತ ಮಾತಾಡ್ತೆ ನೀನ್!” ಎಂದು ಅವನು ಗದರಿದ.

ಬಾಗಿಲು ಮುಚ್ಚಿದ ಗಾಡಿಯೊಳಗೆ ಸೆರಗನ್ನು ಮೂಗಿಗೊತ್ತಿಕೊಂಡು ಹೋದವಳು ಮನೆಗೆ ಜೀವಂತ ಬರಲಿಲ್ಲ. ಕಾಯಿಲೆ ದೊಡ್ಡದಿತ್ತು, ಯಾವ ಗಾಡಿಯಲ್ಲಿ ಹೋದರೂ ಬದುಕುತ್ತಿರಲಿಲ್ಲ ಎಂದು ಎಲ್ಲರೂ ಹೇಳಿದರು. ಸುಧಾಕರನಿಗೂ ಅದು ಗೊತ್ತಿತ್ತು. ಗೊತ್ತಿದ್ದೂ ಅನ್ನ ಸೇರುತ್ತಿರಲಿಲ್ಲ.

ಮಳೆ ಬಿಟ್ಟ ಮೇಲೆ ಮಡಲು ಸರಿಸಿ, ಒಬ್ಬನೇ ಕಾರಿನಲ್ಲಿ ಕೂತು ಕೀಲಿಕೈ ತಿರುಗಿಸಿದ. ಎಡಗಡೆಯ ಸೀಟಿನ ಸ್ಪ್ರಿಂಗು ಕಿರ್ ಎಂದಿತು. ನೋಡಿದರೆ ಸೀಟು ತಗ್ಗಿದೆ, ಆಳು ಕೂತರೆ ಹೇಗೆ ತಗ್ಗುತ್ತದೋ ಹಾಗೆ. ಹೂ ಬಿಡುವ ಕಾಲವಲ್ಲ, ಆದರೂ ಸೇವಂತಿಗೆಯ ವಾಸನೆ, ಅದರ ಅಡಿಯಲ್ಲಿ ತೆಳ್ಳಗೆ ಮೀನಿನ ವಾಸನೆ. ಬೇರೆಯವರಾಗಿದ್ದರೆ ಕಾರು ಬಿಟ್ಟು ಓಡುತ್ತಿದ್ದರು. ಸುಧಾಕರ ಸ್ಟಿಯರಿಂಗಿಗೆ ಹಣೆ ಒತ್ತಿ ಅತ್ತ, ಆಮೇಲೆ ಬೈಂದೂರಿನವರೆಗೆ ಹೋಗಿ ಬಂದ. ಆ ಸೀಟಿನಲ್ಲಿ ಬೇರೆ ಯಾರನ್ನೂ ಕೂರಿಸಲಿಲ್ಲ. ಒಮ್ಮೆ ಮಗಳು ಚೇತನಾ ಗೊತ್ತಿಲ್ಲದೆ ಕೂರಲು ಹೋಗಿ, ಸೀಟು ಬೆಚ್ಚಗಿದೆ ಎಂದು ಥಟ್ಟನೆ ಎದ್ದಳು.

ಕಾರಿಗೂ ವಯಸ್ಸಾಗುತ್ತದೆ. ಎರಡು ಸಾವಿರದ ಹನ್ನೆರಡರ ಹೊತ್ತಿಗೆ ಕಡಲ ಉಪ್ಪುಗಾಳಿ ಅದರ ಅಡಿಯನ್ನು ತಿಂದುಹಾಕಿತ್ತು. ಕಾಲಿಡುವಲ್ಲಿ ರಸ್ತೆ ಕಾಣುತ್ತಿತ್ತು. ಬಿಡಿಭಾಗ ಯಾವ ಊರಿನಲ್ಲೂ ಸಿಗುತ್ತಿರಲಿಲ್ಲ. ಚೇತನಾ ಹೆರಿಗೆಗೆ ಬಂದವಳು ಕೂಸನ್ನು ಎತ್ತಿಕೊಂಡೇ ಜಗಳಕ್ಕೆ ನಿಂತಳು.

“ಮಗಿನ್ ಕರ್ಕಂಡ್ ಇದ್ರಂಗೆ ಹ್ಯಾಂಗ್ ಹೋಪುದ್ ಅಪ್ಪಯ್ಯ? ಎರಡೇ ಸೀಟ್. ಒಂದ್ರಂಗೆ ಅಮ್ಮ ಇದ್ಲ್.”

ಕೋಟೇಶ್ವರದಲ್ಲಿ ಹಳೆ ಕಾರುಗಳ ವ್ಯಾಪಾರ ಮಾಡುವ ಪ್ರೇಮಾನಂದ ಬಹಳ ದಿನದಿಂದ ಅವನ ಬೆನ್ನು ಹತ್ತಿದ್ದ. ಬ್ರಹ್ಮಾವರದ ಭೋಜರಾಜ ಎಂಬ ಕಂಟ್ರಾಕ್ಟರಿಗೆ ಇಂಥ ಹಳೆ ಗಾಡಿಗಳನ್ನು ಕೂಡಿಡುವ ಹುಚ್ಚು. ಅವರು ತಮ್ಮಲ್ಲಿದ್ದ ಹೊಸ ಕೆಂಪು ಕಾರನ್ನೇ ಬದಲಿಗೆ ಕೊಡಲು ತಯಾರಿದ್ದರು. “ಇದೂ ಸ್ಪೋರ್ಟ್ಸ್ ಮಾಡೆಲ್ಲೇ ಸುಧಾಕರಣ್ಣ. ಮಾಡ್ ಇತ್ತ್, ಏಸಿ ಇತ್ತ್, ನಾಲ್ಕ್ ಬಾಗ್ಲ್. ಸ್ವಿಚ್ ಒತ್ರೆ ಗ್ಲಾಸ್ ತನ್ನಷ್ಟಕ್ಕೆ ಇಳೀತ್ತ್. ಇನ್ನೆಂತ ಬೇಕ್ ನಿಮ್ಗೆ?” ಎಂದು ಪ್ರೇಮಾನಂದ ಕೇಳಿದ. ಸುಧಾಕರನಿಗೆ ಬೇಕಾದದ್ದು ಒಂದೇ, ಜಲಜ ಜೊತೆಗೆ ಬರಬೇಕು. ಅದನ್ನು ಪ್ರೇಮಾನಂದನಿಗೆ ಹೇಳುವುದಾದರೂ ಹೇಗೆ?

ಅವನು ಕೇರಿಯ ಹಿರಿಯ ತಿಮ್ಮಜ್ಜನ ಬಳಿಗೆ ಹೋದ. ಸತ್ತವರಿಗೆ ಎಡೆ ಬಡಿಸುವ ಕೆಲಸವನ್ನೆಲ್ಲ ಎದುರು ನಿಂತು ಮಾಡಿಸುವವನು ತಿಮ್ಮಜ್ಜ. ಜಲಜಳನ್ನು ಒಂದು ಗಾಡಿಯಿಂದ ಇನ್ನೊಂದಕ್ಕೆ ಕರೆತರುವುದು ಹೇಗೆ ಎಂಬ ಪ್ರಶ್ನೆ ಅವನಿಗೆ ವಿಚಿತ್ರವೆನಿಸಲೇ ಇಲ್ಲ.

“ಮನಿ ಬಿಡುವತಿಗೆ ಸತ್ತ ನಮ್ಮವ್ರನ್ನ ಕರ್ದೇ ಹೋಪುದಲ್ದಾ? ಗಾಡಿಯೂ ಹಾಂಗೆಯ. ಬಾಗ್ಲ್ ತೆಗ್ದ್, ಹೆಸ್ರ್ ಹಿಡ್ದ್ ಕರಿ. ಕರೀದೆ ಹೋರೆ ಅವ್ಳ್ ಅಲ್ಲೇ ಕೂಕಂಡೇ ಇರ್ತ್ಲ್.”

ಹೇಳುವುದು ಸುಲಭ. ಕಾರು ಬದಲಿಸಿಕೊಳ್ಳಲು ಹೋದಾಗ ಪ್ರೇಮಾನಂದನ ಅಂಗಳದಲ್ಲಿ ಉರಿಬಿಸಿಲಿನ ಹೊತ್ತು. ಸಾಲಾಗಿ ಹಳೆ ಕಾರುಗಳು, ನಡುವೆ ನೀರಿನ ಪೈಪು ಹಿಡಿದ ಕೆಲಸದವರು. ಹೊಸ ಕಾರಿನ ಪಕ್ಕದಲ್ಲೇ ಮುಂಭಾಗ ಜಜ್ಜಿಹೋದ ಒಂದು ಬಿಳಿ ಕಾರು ನಿಂತಿತ್ತು. ಇಷ್ಟು ಜನರೆದುರು ಹೆಂಡತಿಯ ಹೆಸರು ಕೂಗುವುದೇ? ಅವನ ತಲೆಮಾರಿನ ಗಂಡಸರು ಹೆಂಡತಿಯ ಹೆಸರನ್ನು ಮನೆಯೊಳಗೂ ಎತ್ತಿದವರಲ್ಲ. ಮದುವೆಯಾದ ಲಾಗಾಯ್ತು ‘ಹ್ವಾಯ್’ ಎಂದರೆ ಜಲಜ, ಅವಳಿಗೂ ಅಷ್ಟೇ ಸಾಕಾಗಿತ್ತು. ಸುಧಾಕರ ಟಯರು ನೋಡುವವನ ಹಾಗೆ ಬಗ್ಗಿ, ಹೊಸ ಕಾರಿನ ಎಡಬಾಗಿಲು ತೆರೆದು, ಮೆಲ್ಲಗೆ “ಹ್ವಾಯ್, ಬಾ, ಹೋಪ,” ಎಂದ. ಹೊಸ ಸೀಟು ನಿಧಾನವಾಗಿ ತಗ್ಗಿತು. ಅವನು ಬಾಗಿಲು ಹಾಕಿ, ಹಳೆ ಕಾರಿನ ಕಡೆ ತಿರುಗಿಯೂ ನೋಡದೆ ಹೊರಟುಬಿಟ್ಟ.

ಮೊದಮೊದಲು ಅವನ ಸಂತೋಷ ಹೇಳತೀರದು. ದಾರಿಯುದ್ದ ಮಾತಾಡುತ್ತಿದ್ದ. ಪಾಪ, ಮುಚ್ಚಿದ ಗಾಡಿ ಅವಳಿಗಾಗದು ಎಂದು ಎಡಗಡೆಯ ಗಾಜನ್ನು ತಾನೇ ಇಳಿಸುತ್ತಿದ್ದ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಜು ತಾನಾಗಿ ಮೇಲೇರುತ್ತಿತ್ತು. ಮತ್ತೆ ಇಳಿಸಿದರೆ ಮತ್ತೆ ಏರುತ್ತಿತ್ತು. “ಎಂತ ಇದ್, ಗಾಳಿ ಬ್ಯಾಡ್ದಾ ನಿಂಗೆ?” ಎಂದು ತಮಾಷೆ ಮಾಡಿದ. ಮೆಕ್ಯಾನಿಕ್ ಎಲ್ಲ ಬಿಚ್ಚಿ ನೋಡಿ, ಸ್ವಿಚ್ಚು ಸರಿಯಾಗಿಯೇ ಇದೆ ಎಂದ. ಸೇವಂತಿಗೆಯ ವಾಸನೆ ಬರುತ್ತಿಲ್ಲ ಎಂಬುದು ಸುಧಾಕರನಿಗೆ ತಿಳಿದಿತ್ತು. ಹೊಸ ಕಾರಿನ ವಾಸನೆ ಅದನ್ನು ನುಂಗಿರಬೇಕು ಎಂದುಕೊಂಡ. ನಂಬಬೇಕು ಎಂದು ಕೂತವನಿಗೆ ಕಾರಣಗಳಿಗೇನು ಬರ?

ಒಂದು ದಿನ ಮಧ್ಯಾಹ್ನ ಹೆಮ್ಮಾಡಿಯ ಬಳಿ ಎದುರಿನಿಂದ ಒಂದು ಲಾರಿ ಓವರ್‌ಟೇಕ್ ಮಾಡುತ್ತ ಮೈಮೇಲೆ ಬಂತು. ಸುಧಾಕರ ಕಾರನ್ನು ರಸ್ತೆಯಂಚಿಗೆ ಎಳೆದ. ಅಷ್ಟರಲ್ಲಿ ಎಡಗಡೆಯ ಸೀಟ್ ಬೆಲ್ಟು, ಯಾರೂ ಮುಟ್ಟದ ಬೆಲ್ಟು, ಸರ್ರನೆ ಹೊರಗೆ ಬಂದು, ಖಾಲಿ ಸೀಟಿಗೆ ಅಡ್ಡವಾಗಿ ಹಾದು, ಟಕ್ ಎಂದು ಸಿಕ್ಕಿಕೊಂಡಿತು. ಲಾರಿ ಹೋಯಿತು. ಬೆಲ್ಟು ಬಿಗಿಯಾಗಿ ನಿಂತೇ ಇತ್ತು, ಅದರ ಹಿಂದೆ ಏನೋ ಏದುಸಿರು ಬಿಡುವ ಹಾಗೆ ಒಂದಿಷ್ಟು ಏರುತ್ತ ಇಳಿಯುತ್ತಿತ್ತು.

ಸುಧಾಕರ ಎಂಜಿನ್ ನಿಲ್ಲಿಸಿ ಬೆಲ್ಟನ್ನು ನೋಡಿದ. ಜಲಜ ಜನ್ಮದಲ್ಲಿ ಸೀಟ್ ಬೆಲ್ಟು ಕಂಡವಳಲ್ಲ. ಹಳೆ ಕಾರಿನಲ್ಲಿ ಅದು ಇರಲೇ ಇಲ್ಲ. ಗಾಜು ಏರಿಸಿಕೊಂಡು ಕೂರುವವಳೂ ಅವಳಲ್ಲ. ಹಾಗಾದರೆ ತಾನು ಇಷ್ಟು ದಿನ ಪಕ್ಕದಲ್ಲಿ ಕೂರಿಸಿಕೊಂಡು ತಿರುಗಿದ್ದು ಯಾರನ್ನು? ಆ ಭಯ ಇಳಿಯುವ ಮೊದಲೇ ಅದಕ್ಕಿಂತ ದೊಡ್ಡದು ಎದೆಗೆ ಬಡಿಯಿತು. ಜಲಜ ಎಲ್ಲಿ? ಅವನು ಅವಳನ್ನು ಹೆಸರು ಹಿಡಿದು ಕರೆದೇ ಇರಲಿಲ್ಲ. ಗಂಡ ಕಣ್ಣೆದುರೇ ಬೇರೆ ಯಾರನ್ನೋ ಕೂರಿಸಿಕೊಂಡು ಹೋದದ್ದನ್ನು ನೋಡುತ್ತ ಅವಳು ಹಳೆ ಸೀಟಿನಲ್ಲೇ ಉಳಿದಿದ್ದಳು.

ಅವನು ಅಲ್ಲಿಂದಲೇ ಕಾರು ತಿರುಗಿಸಿದ. ಕೋಟೇಶ್ವರದಲ್ಲಿ ಪ್ರೇಮಾನಂದನನ್ನು ಹೊರಗೆ ಕರೆದು, “ಆವತ್ ಇಲ್ಲಿ ಒಂದ್ ಬಿಳಿ ಕಾರ್ ಇದ್ದಿತ್ತಲೆ, ಯಾರ್ದ್ ಅದ್?” ಎಂದು ಕೇಳಿದ.

“ಅದಾ? ಎಲ್ಲಿಯೋ ಆಕ್ಸಿಡೆಂಟ್ ಆದ್ದ್. ಕೈಯಿಂದ ಕೈಗೆ ಬಂದದ್ದ್. ಗುಜರಿಗೆ ಹೋಯ್ತ್. ಅದನ್ನ ಕಾಂಬುಕೂ ಯಾರೂ ಬರ್ಲಿಲ್ಲೆ,” ಎಂದ ಪ್ರೇಮಾನಂದ.

ಬ್ರಹ್ಮಾವರದಲ್ಲಿ ಭೋಜರಾಜರು ತಮ್ಮ ಶೆಡ್ಡಿನ ಬಾಗಿಲು ತೆರೆದು ಹಳೆ ಕಾರನ್ನು ಹೆಮ್ಮೆಯಿಂದಲೇ ತೋರಿಸಿದರು. ಹೊಸ ಬಣ್ಣ, ಹೊಸ ಟಯರು. ಕೆಳಗಿನ ತುಕ್ಕು ತೆಗೆಸಿ ಹೊಸ ತಗಡು ಹಾಕಿಸಿದ್ದರು. ಆಮೇಲೆ ಸ್ವಲ್ಪ ದನಿ ತಗ್ಗಿಸಿ, “ಈ ಎಡದ್ ಸೀಟ್ ಒಂದ್ ಸಮ ಆತಿಲ್ಲೆ ಮಾರಾಯ್ರೆ. ಎಷ್ಟ್ ಸಲ ಹೊಸ ಸ್ಪಂಜ್ ಹಾಕ್ಸಿರೂ ಬೆಳಿಗ್ಗೆ ಕಾಂಬತಿಗೆ ಗುಳಿ ಬಿದ್ದಿರ್ತ್,” ಎಂದರು.

ಸುಧಾಕರ ಗುಳಿ ನೋಡಿದ. ಈ ಸಲ ಅವನು ಟಯರು ನೋಡುವ ನಾಟಕ ಮಾಡಲಿಲ್ಲ. ಭೋಜರಾಜರು ಎದುರಿಗೇ ನಿಂತಿದ್ದರು, ಶೆಡ್ಡಿನ ಕೆಲಸದವರು ನಿಂತಿದ್ದರು. ಎಲ್ಲರಿಗೂ ಕೇಳುವಂತೆ, ಗಟ್ಟಿಯಾಗಿ ಕರೆದ.

“ಜಲಜಾ. ತಪ್ಪಾಯ್ತ್. ಬಾ, ಹೋಪ.”

ಮೊದಲು ಏನೂ ಆಗಲಿಲ್ಲ. ಮುನಿಸು ಬಂದರೆ ಜಲಜ ಬದುಕಿದ್ದಾಗಲೂ ಕೂಡಲೇ ಎದ್ದವಳಲ್ಲ. ಅವನು ಮತ್ತೆ ಹೆಸರು ಹಿಡಿದು ಕರೆದ, ಈ ಸಲ ದನಿ ಒಡೆಯಿತು. ಆಗ ಸೀಟಿನ ಗುಳಿ ನೋಡನೋಡುತ್ತಲೇ ಮೇಲೆ ಬಂದು ಸಮವಾಯಿತು. ಭೋಜರಾಜರು ಎರಡು ಹೆಜ್ಜೆ ಹಿಂದೆ ಸರಿದು, ಕಾರು ಬೇಕಾದರೆ ವಾಪಸು ತೆಗೆದುಕೊಂಡು ಹೋಗಿ ಎಂದು ತೊದಲಿದರು. “ಬ್ಯಾಡ. ಕಾರ್ ನಿಮ್ದೇ,” ಎಂದ ಸುಧಾಕರ.

ಹೊರಗೆ ಹೊಸ ಕಾರಿನ ಎಡಸೀಟಿನಲ್ಲಿ ಬೆಲ್ಟು ಇನ್ನೂ ಕಟ್ಟಿಕೊಂಡೇ ಇತ್ತು. ಅವನು ಹಿಂದಿನ ಬಾಗಿಲು ತೆರೆದು ಕಾದ. ಕಾರಿನ ಹಿಂಭಾಗ ಸ್ವಲ್ಪ ತಗ್ಗಿತು. ಬಾಗಿಲು ಹಾಕಿ, ನಾಲ್ಕೂ ಗಾಜು ಇಳಿಸಿ ಹೊರಟ. ಹಿಂದಿನಿಂದ ಸೇವಂತಿಗೆಯ ವಾಸನೆ ತೇಲಿ ಬಂತು. ಮುಂದಿನ ಎಡಗಾಜು ಏರತೊಡಗಿ, ಅದೇನನ್ನಿಸಿತೋ, ಅರ್ಧಕ್ಕೇ ನಿಂತಿತು.

ಕೋಟೇಶ್ವರದಲ್ಲಿ ಪ್ರೇಮಾನಂದನ ಅಂಗಳದ ಎದುರು ಕಾರು ನಿಲ್ಲಿಸಿದ. ಎಲ್ಲಿಂದ ಹತ್ತಿದ್ದೋ ಅಲ್ಲೇ ಇಳಿಸಿಬಿಡುವುದು ಎಂದು ದಾರಿಯುದ್ದ ನಿಶ್ಚಯ ಮಾಡಿಕೊಂಡು ಬಂದಿದ್ದ. ಇಳಿದು ಬಂದು ಎಡಬಾಗಿಲು ತೆರೆದ. ಬೆಲ್ಟು ಇನ್ನಷ್ಟು ಬಿಗಿಯಿತು, ಸೀಟಿನ ಬಟ್ಟೆ ಯಾರೋ ಎರಡೂ ಕೈಯಿಂದ ಹಿಡಿದುಕೊಂಡಂತೆ ಮುದುಡಿತು. ಬಿಳಿ ಕಾರು ಇದ್ದ ಜಾಗದಲ್ಲಿ ಈಗ ಎಣ್ಣೆಯ ಕಲೆ ಮಾತ್ರ ಇತ್ತು. ಇದು ತಾನಾಗಿ ಹತ್ತಿ ಕೂತದ್ದಲ್ಲ. ಬಾ ಎಂದವನು ಅವನೇ, ಬಾಗಿಲು ತೆರೆದವನೂ ಅವನೇ. ಅವನಿಗೆ ಭಯಕ್ಕಿಂತ ಹೆಚ್ಚು ನಾಚಿಕೆಯಾಯಿತು. ಬಾಗಿಲನ್ನು ಮೆಲ್ಲಗೆ ಹಾಕಿ, ನಿಧಾನವಾಗಿ ಓಡಿಸಿಕೊಂಡು ಮನೆಗೆ ಬಂದ.

ಆ ವರ್ಷ ಜಲಜಳ ಎಡೆಯ ದಿನ ಚೇತನಾ ಗಂಡನ ಮನೆಯಿಂದ ಬಂದು ಅಡುಗೆ ಮಾಡಿದಳು. ಒಳಕೋಣೆಯಲ್ಲಿ ಎಲೆ ಹಾಕಿ, ಸತ್ತವರಿಗೆ ಇಷ್ಟವಾದದ್ದೆಲ್ಲ ಬಡಿಸಿ, ಬಾಗಿಲು ಮುಚ್ಚಿ, ಮನೆಯವರೆಲ್ಲ ಹೊರಗೆ ಕಾಯುವುದು ಅವರಲ್ಲಿ ಕ್ರಮ. ಅವಳು ಅಮ್ಮನ ಎಲೆಗೆ ಬಂಗುಡೆ ಸಾರು ಬಡಿಸಿ ತಿರುಗಿದರೆ, ಅಪ್ಪ ಪಕ್ಕದಲ್ಲಿ ಇನ್ನೊಂದು ಎಲೆ ಹಾಸುತ್ತಿದ್ದ. ಅದಕ್ಕೆ ಅನ್ನ ಹಾಕಿದ, ಉಪ್ಪು ಹಾಕಿದ. ಮೀನಿನ ಪಾತ್ರೆಗೆ ಕೈ ಹಾಕಿ, ತಿನ್ನುತ್ತಾರೋ ಇಲ್ಲವೋ ಎಂದು ಅನುಮಾನಿಸಿ, ಸಾರನ್ನು ಬೇರೆಯೇ ಒಂದು ಬಟ್ಟಲಿನಲ್ಲಿ ಪಕ್ಕಕ್ಕಿಟ್ಟ.

“ಇದ್ ಯಾರಿಗೆ ಅಪ್ಪಯ್ಯ?” ಎಂದಳು ಚೇತನಾ.

ಸುಧಾಕರ ನೀರಿನ ಲೋಟವನ್ನು ಆ ಎಲೆಯ ಬಲಕ್ಕೆ ಸರಿಯಾಗಿ ಇಟ್ಟು ಎದ್ದು ನಿಂತ.

“ಹೆಸ್ರ್ ಗೊತ್ತಿಲ್ಲೆ,” ಎಂದ. “ನಾನ್ ಕರ್ದದ್ದ್.”